ಹದಿನಾಲ್ಕು ಹೆಸರು, ಒಂದೇ ಚಾಸಿ

2024ರ ಏಪ್ರಿಲ್‌ನಲ್ಲಿ ಆಲ್ಫಾ ರೋಮಿಯೊ ತನ್ನ ಹೊಸ ಸಣ್ಣ ಕಾರಿಗೆ ‘ಮಿಲಾನೊ’ ಎಂದು ಹೆಸರಿಟ್ಟು ಹೊರತಂದಿತು. ವಾರ ತುಂಬುವುದರೊಳಗೆ ಆ ಹೆಸರು ‘ಜೂನಿಯರ್’ ಆಗಿತ್ತು. ಮಿಲಾನ್ ಆಲ್ಫಾ ಹುಟ್ಟಿದ ಊರು, ನಿಜ. ಆದರೆ ಈ ಕಾರು ತಯಾರಾಗುವುದು ಪೋಲೆಂಡಿನ ಟಿಖಿಯಲ್ಲಿ. ಹೊರಗೆ ಮಾಡಿದ ಸರಕಿಗೆ ಇಟಲಿಯ ಹೆಸರು ಹಚ್ಚಿ ಮಾರುವುದು ಕಾನೂನಿಗೆ ವಿರುದ್ಧ ಎಂದು ಇಟಲಿಯ ಸಚಿವ ಅಡೋಲ್ಫೊ ಉರ್ಸೊ ತಗಾದೆ ತೆಗೆದರು. ಕಂಪನಿ ಹೆಸರು ಬದಲಿಸಿ ಕೈತೊಳೆದುಕೊಂಡಿತು.

ಸಚಿವರು ಹೆಸರನ್ನಷ್ಟೇ ನೋಡಿದರು. ಕಾರಿನ ಬುಡ ನೋಡಿದ್ದರೆ ಇನ್ನೂ ದೊಡ್ಡ ಸಂಗತಿ ಕಾಣುತ್ತಿತ್ತು. ಅದೇ ಟಿಖಿ ಕಾರ್ಖಾನೆಯಲ್ಲಿ ಜೀಪ್ ಅವೆಂಜರ್ ಮತ್ತು ಫಿಯಟ್ 600 ಕೂಡ ತಯಾರಾಗುತ್ತವೆ. ಮೂರಕ್ಕೂ ಒಂದೇ ಪ್ಲಾಟ್‌ಫಾರ್ಮ್. ಪ್ಯೂಜೊ 208, ಓಪೆಲ್ ಕೊರ್ಸಾ, ಡಿಎಸ್ 3, ಲಾನ್ಸಿಯಾ ಇಪ್ಸಿಲಾನ್ ನಿಂತಿರುವುದೂ ಅದರ ಮೇಲೆಯೇ. ಏಳು ಲಾಂಛನ, ಏಳು ಜಾಹೀರಾತು, ಕೆಳಗೆ ಒಂದೇ ಚಾಸಿ.

ಇವೆಲ್ಲದರ ಒಡೆಯ ಸ್ಟೆಲಾಂಟಿಸ್. ಫ್ರಾನ್ಸಿನ ಪಿಎಸ್‌ಎ ಮತ್ತು ಫಿಯಟ್ ಕ್ರೈಸ್ಲರ್ 2021ರ ಜನವರಿಯಲ್ಲಿ ಒಂದಾಗಿ ಹುಟ್ಟಿದ ಈ ಕಂಪನಿಯ ಬಳಿ ಹದಿನಾಲ್ಕು ಬ್ರ್ಯಾಂಡ್‌ಗಳಿವೆ. ಒಂದನ್ನೂ ಮುಚ್ಚುವುದಿಲ್ಲ, ತಾಕತ್ತು ತೋರಿಸಲು ಪ್ರತಿಯೊಂದಕ್ಕೂ ಹತ್ತು ವರ್ಷ ಕೊಡುತ್ತೇವೆ ಎಂದು ಆಗಿನ ಮುಖ್ಯಸ್ಥ ಕಾರ್ಲೊಸ್ ಟವಾರೆಸ್ ಹೇಳಿದ್ದರು. ಅವರೇ 2024ರ ಜುಲೈಯಲ್ಲಿ, ದುಡ್ಡು ಮಾಡದ ಬ್ರ್ಯಾಂಡನ್ನು ಮುಚ್ಚುತ್ತೇವೆ ಎಂದರು. ಅದೇ ವರ್ಷದ ಡಿಸೆಂಬರ್ 1ರಂದು ಅವರೇ ರಾಜೀನಾಮೆ ಕೊಟ್ಟು ಹೋದರು.

2023ರಲ್ಲಿ ಕಂಪನಿಯ ನಿವ್ವಳ ಲಾಭ 18.6 ಬಿಲಿಯನ್ ಯೂರೊ, ಅದೊಂದು ದಾಖಲೆ. 2024ರಲ್ಲಿ 5.5 ಬಿಲಿಯನ್. 2025ರ ಮೊದಲ ಆರು ತಿಂಗಳಲ್ಲಿ ಲಾಭ ಹೋಗಿ 2.3 ಬಿಲಿಯನ್ ನಷ್ಟ. ಎಲ್ಲ ಸರಿಯಿತ್ತು, ಆಮೇಲೆ ಕೆಟ್ಟಿತು ಎಂದು ಈ ಅಂಕಿಗಳನ್ನು ಓದುವವರೇ ಹೆಚ್ಚು. ನನ್ನ ಪ್ರಕಾರ ಕೆಟ್ಟದ್ದು 2023ರ ವರ್ಷವೇ. ಕೋವಿಡ್ ನಂತರ ಚಿಪ್ ಸಿಗದೆ ಕಾರುಗಳು ವಿರಳವಾಗಿದ್ದಾಗ ಎಷ್ಟು ಬೆಲೆ ಹೇಳಿದರೂ ಜನ ಕೊಂಡರು. ಕೊರತೆ ತೀರಿದ ಮೇಲೂ ಬೆಲೆ ಇಳಿಯಲಿಲ್ಲ. ಹೊಸ ಮಾದರಿ ತಡವಾಯಿತು, ಹಳೆಯ ಮಾದರಿಗಳು ನಿಂತವು, ಎಂಜಿನಿಯರುಗಳ ಸಂಖ್ಯೆ ಕರಗಿತು. ಇದೆಲ್ಲ ಲೆಕ್ಕಪತ್ರದಲ್ಲಿ ಉಳಿತಾಯವಾಗಿ ಕಾಣುತ್ತದೆ. ಬಿತ್ತನೆಗೆ ಇಟ್ಟ ರಾಗಿಯನ್ನು ಮುದ್ದೆ ಮಾಡಿ ಉಂಡ ವರ್ಷ ಹೊಟ್ಟೆಯಂತೂ ತುಂಬಿರುತ್ತದೆ.

ಪರಿಣಾಮ ಮೊದಲು ಕಂಡದ್ದು ಅಮೆರಿಕದಲ್ಲಿ. 2018ರಲ್ಲಿ ಅಲ್ಲಿ 9.7 ಲಕ್ಷಕ್ಕೂ ಹೆಚ್ಚು ಜೀಪ್‌ಗಳು ಮಾರಾಟವಾಗಿದ್ದವು. 2024ರಲ್ಲಿ ಮಾರಿದ್ದು ಆರು ಲಕ್ಷಕ್ಕಿಂತ ಕಡಿಮೆ. ಡೀಲರ್‌ಗಳ ಅಂಗಳದಲ್ಲಿ ಗಾಡಿಗಳು ಬಿಸಿಲಿಗೆ ನಿಂತವು. 2024ರ ಸೆಪ್ಟೆಂಬರ್‌ನಲ್ಲಿ ಡೀಲರ್‌ಗಳ ಮಂಡಳಿಯ ಮುಖ್ಯಸ್ಥರು ಟವಾರೆಸ್‌ಗೆ ಬಹಿರಂಗ ಪತ್ರವನ್ನೇ ಬರೆದರು: ಅಲ್ಪಕಾಲದ ಲಾಭದ ಆಸೆಗೆ ನಮ್ಮ ಬ್ರ್ಯಾಂಡ್‌ಗಳು ಸೊರಗುತ್ತಿವೆ ಎಂಬುದು ಅದರ ಸಾರ. ಗಾಡಿ ಮಾರಿ ಬದುಕುವವರೇ ತಯಾರಕನ ವಿರುದ್ಧ ಹೀಗೆ ಬೀದಿಗೆ ಬರುವುದು ಅಪರೂಪ.

ಯೂರೋಪಿನ ಪೆಟ್ಟು ಬೇರೆ ಬಗೆಯದು. ಅದನ್ನು ಒಂದು ರಬ್ಬರ್ ಬೆಲ್ಟ್ ಹೇಳುತ್ತದೆ. ಪಿಎಸ್‌ಎಯ 1.2 ಲೀಟರ್ ಪ್ಯೂರ್‌ಟೆಕ್ ಪೆಟ್ರೋಲ್ ಎಂಜಿನ್ 2015ರಿಂದ ಸತತ ನಾಲ್ಕು ವರ್ಷ ತನ್ನ ವರ್ಗದಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿ ಗೆದ್ದಿತ್ತು. ಎಂಜಿನ್ನಿನ ಕವಾಟಗಳನ್ನು ಹೊತ್ತಿಗೆ ಸರಿಯಾಗಿ ತೆರೆಸಿ ಮುಚ್ಚಿಸುವ ಟೈಮಿಂಗ್ ಬೆಲ್ಟ್ ಸಾಮಾನ್ಯವಾಗಿ ಒಣ ಜಾಗದಲ್ಲಿ ಓಡುತ್ತದೆ. ಇದರಲ್ಲಿ ಅದು ಎಂಜಿನ್ ಆಯಿಲ್‌ನಲ್ಲೇ ನೆನೆದು ಓಡುತ್ತದೆ. ತಿಕ್ಕಾಟ ಕಡಿಮೆ, ಸದ್ದು ಕಡಿಮೆ, ಮೈಲೇಜ್ ತುಸು ಹೆಚ್ಚು. ಆದರೆ ಊರೊಳಗೆ ಸಣ್ಣ ಸಣ್ಣ ದೂರ ಓಡಿಸಿದಾಗ ಎಂಜಿನ್ ಪೂರ್ತಿ ಬಿಸಿಯಾಗದೆ ಪೆಟ್ರೋಲ್ ಆಯಿಲ್‌ಗೆ ಬೆರೆಯುತ್ತದೆ. ಆ ಮಿಶ್ರಣದಲ್ಲಿ ರಬ್ಬರ್ ಉಬ್ಬಿ, ಅಂಚು ಬಿರಿದು, ಚೂರುಚೂರಾಗಿ ಉದುರುತ್ತದೆ. ಚೂರುಗಳು ಆಯಿಲ್ ಪಂಪಿನ ಜಾಲರಿಗೆ ಕಟ್ಟಿಕೊಳ್ಳುತ್ತವೆ. ಆಯಿಲ್ ಒತ್ತಡ ಇಳಿದರೆ ಎಂಜಿನ್ ಕಚ್ಚಿಕೊಳ್ಳಬಹುದು. ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪ್‌ಗೂ ತೊಂದರೆ ತಟ್ಟುತ್ತದೆ. ಕೊನೆಗೆ ಕಂಪನಿ 2024ರಲ್ಲಿ 10 ವರ್ಷ ಅಥವಾ 1,75,000 ಕಿ.ಮೀ. ತನಕ ರಿಪೇರಿ ಖರ್ಚು ಹೊರುವುದಾಗಿ ಘೋಷಿಸಿತು. ಹೊಸ ಆವೃತ್ತಿಯಲ್ಲಿ ಬೆಲ್ಟ್ ಬದಲು ಚೈನ್ ಬಂತು. ಒಂದೇ ಎಂಜಿನ್ ಅಷ್ಟು ಬ್ರ್ಯಾಂಡ್‌ಗಳಲ್ಲಿ ಇದ್ದುದರಿಂದ ಪ್ಯೂಜೊ, ಸಿಟ್ರೊಯೆನ್, ಓಪೆಲ್, ಡಿಎಸ್ ಎಲ್ಲವೂ ಒಟ್ಟಿಗೆ ಹೆಸರು ಕೆಡಿಸಿಕೊಂಡವು.

ಬ್ರ್ಯಾಂಡ್ ಸಾಯುವುದು ಹೇಗೆ ಎಂಬುದಕ್ಕೆ ಹಿಂದಿನ ದಾಖಲೆ ಸಾಕಷ್ಟಿದೆ. ಬ್ರಿಟನ್ನಿನಲ್ಲಿ 1968ರಲ್ಲಿ ಆಸ್ಟಿನ್, ಮಾರಿಸ್, ಟ್ರಯಂಫ್, ರೋವರ್, ಜಾಗ್ವಾರ್ ಎಲ್ಲ ಸೇರಿ ಬ್ರಿಟಿಷ್ ಲೇಲ್ಯಾಂಡ್ ಆಯಿತು. ಏಳೇ ವರ್ಷದಲ್ಲಿ ಸರ್ಕಾರ ಅದನ್ನು ವಹಿಸಿಕೊಳ್ಳಬೇಕಾಯಿತು. ನಮ್ಮ ಅಂಬಾಸಿಡರ್‌ನ ಮೂಲವಾದ ಮಾರಿಸ್ ಹೆಸರಿನ ಕಾರು 1984ರಲ್ಲಿ ನಿಂತಿತು, 2005ರಲ್ಲಿ ರೋವರ್ ಕೂಡ ಮುಳುಗಿತು. ಅಮೆರಿಕದ ಜನರಲ್ ಮೋಟರ್ಸ್ ಷೆವರ್ಲೆಯಿಂದ ಕ್ಯಾಡಿಲಾಕ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬ್ರ್ಯಾಂಡ್ ಕಟ್ಟಿತ್ತು. 1980ರ ದಶಕದಲ್ಲಿ ಷೆವರ್ಲೆ ಕಾರಿಗೇ ಚರ್ಮದ ಸೀಟು ಹಾಕಿ ‘ಕ್ಯಾಡಿಲಾಕ್ ಸಿಮರಾನ್’ ಎಂದು ಮಾರಲು ಹೊರಟು ನಗೆಪಾಟಲಾಯಿತು. ಅದರ ಓಲ್ಡ್ಸ್‌ಮೊಬಿಲ್ 2004ರಲ್ಲಿ ಮುಗಿಯಿತು. ಪಾಂಟಿಯಾಕ್ ಮತ್ತು ಸ್ಯಾಟರ್ನ್‌ಗಳ ಸರದಿ ಕಂಪನಿಯ 2009ರ ದಿವಾಳಿಯ ನಂತರ ಬಂತು. ಮೊದಲು ಕಾರುಗಳ ನಡುವಿನ ವ್ಯತ್ಯಾಸ ಅಳಿಸುತ್ತದೆ, ಆಮೇಲೆ ಮಾದರಿಗಳು ಕಡಿಮೆಯಾಗುತ್ತವೆ, ಉಳಿದವು ಹಳತಾಗುತ್ತವೆ. ಮುಚ್ಚುವ ಘೋಷಣೆ ಬರುವ ಹೊತ್ತಿಗೆ ಗಿರಾಕಿ ಅಂಗಡಿ ಬಿಟ್ಟು ಬಹಳ ದಿನವಾಗಿರುತ್ತದೆ.

ಈ ಅಳತೆಗೋಲಿನಿಂದ ಸ್ಟೆಲಾಂಟಿಸ್ ನೋಡಿ. 2025ಕ್ಕೆ ನೂರು ತುಂಬಿದ ಕ್ರೈಸ್ಲರ್ ಕೈಯಲ್ಲಿರುವುದು ಒಂದೇ ಒಂದು ಮಿನಿವ್ಯಾನ್, ಅದೂ ಎರಡು ಹೆಸರಲ್ಲಿ. ಅದರ 300 ಸೆಡಾನ್ 2023ರ ಕೊನೆಗೇ ನಿಂತಿತು. 1987ರಿಂದ 1992ರವರೆಗೆ ವಿಶ್ವ ರ್‍ಯಾಲಿಯ ತಯಾರಕರ ಪ್ರಶಸ್ತಿಯನ್ನು ಸತತ ಆರು ಸಲ ಗೆದ್ದ ಲಾನ್ಸಿಯಾ, ಅನೇಕ ವರ್ಷ ಇಟಲಿಯಲ್ಲಿ ಮಾತ್ರ, ಅದೂ ಒಂದೇ ಮಾದರಿ ಮಾರುತ್ತಾ ಉಸಿರು ಹಿಡಿದುಕೊಂಡಿತ್ತು. ಮಸೆರಾಟಿ 2023ರಲ್ಲಿ ಸುಮಾರು 26,600 ಕಾರು ರವಾನಿಸಿತ್ತು, ಮರುವರ್ಷ 11,300. ಈ ಮೂರೂ ಬ್ರ್ಯಾಂಡ್‌ಗಳು ಮಾದರಿ ಕಡಿಮೆಯಾಗುವ ಹಂತ ದಾಟಿವೆ ಎಂದೇ ನನ್ನ ಎಣಿಕೆ. ಪ್ಯೂಜೊ, ಪಿಕಪ್‌ಗಳ ಬ್ರ್ಯಾಂಡ್ ರಾಮ್, ಬ್ರೆಜಿಲ್‌ನಲ್ಲಿ ಮೊದಲ ಸ್ಥಾನದಲ್ಲಿರುವ ಫಿಯಟ್ ಈ ಸಾಲಿಗೆ ಸೇರುವುದಿಲ್ಲ.

ಲಾಂಛನದ ಬಗ್ಗೆ ಮರುಗುವುದು ಅಭಿಮಾನಿಗಳ ಪಾಡು. ಕೂಲಿ ಕಳೆದುಕೊಳ್ಳುವವರ ಪಾಡು ಬೇರೆ. ಲಂಡನ್ನಿನ ಉತ್ತರಕ್ಕಿರುವ ಲೂಟನ್‌ನಲ್ಲಿ ಈಗ ಸ್ಟೆಲಾಂಟಿಸ್‌ನದೇ ಬ್ರ್ಯಾಂಡ್ ಆಗಿರುವ ವಾಕ್ಸ್‌ಹಾಲ್ 1905ರಿಂದ ಗಾಡಿ ಮಾಡುತ್ತಿತ್ತು. ಆ ವ್ಯಾನ್ ಕಾರ್ಖಾನೆ 2025ರ ಮಾರ್ಚ್‌ನಲ್ಲಿ ಮುಚ್ಚಿತು, 1,100ಕ್ಕೂ ಹೆಚ್ಚು ಕೆಲಸಗಳಿಗೆ ಕುತ್ತು ಬಂತು. ಇಟಲಿಯಲ್ಲಿ 2024ರಲ್ಲಿ ಕಂಪನಿ ಮಾಡಿದ ಕಾರುಗಳು 2.83 ಲಕ್ಷ, 1956ರಿಂದೀಚೆಗೆ ಅತಿ ಕಡಿಮೆ ಎಂಬುದು ಅಲ್ಲಿನ ಕಾರ್ಮಿಕ ಸಂಘದ ಲೆಕ್ಕ. ಕಾರ್ಖಾನೆ ಖಾಲಿಯಿದ್ದರೆ ಸುತ್ತಲಿನ ಬಿಡಿಭಾಗದ ಸಣ್ಣ ಘಟಕಗಳು ಅದಕ್ಕಿಂತ ಮೊದಲೇ ಬೀಗ ಹಾಕುತ್ತವೆ.

2025ರ ಜೂನ್‌ನಲ್ಲಿ ಬಂದ ಹೊಸ ಮುಖ್ಯಸ್ಥ ಆಂಟೊನಿಯೊ ಫಿಲೋಸಾ ಅಮೆರಿಕದಲ್ಲಿ 13 ಬಿಲಿಯನ್ ಡಾಲರ್ ಹೂಡುವುದಾಗಿ ಹೇಳಿದ್ದಾರೆ. ಕೈಬಿಟ್ಟಿದ್ದ ಹೆಮಿ ವಿ8 ಎಂಜಿನ್ ರಾಮ್ ಪಿಕಪ್‌ಗೆ ಮರಳಿದೆ. ಒಳ್ಳೆಯದೇ. ಆದರೆ ಹದಿನಾಲ್ಕು ಬ್ರ್ಯಾಂಡ್‌ಗೂ ಹೊಸ ಮಾದರಿ ಕೊಡುವಷ್ಟು ದುಡ್ಡು ನಷ್ಟದ ಕಂಪನಿಗೆ ಎಲ್ಲಿಂದ ಬರಬೇಕು? ಮೇಲಾಗಿ ಚೀನಾದ ಲೀಪ್‌ಮೋಟರ್‌ನಲ್ಲಿ 2023ರಲ್ಲೇ ಸುಮಾರು 1.5 ಬಿಲಿಯನ್ ಯೂರೊ ಹಾಕಿ, ಅದರ ಅಗ್ಗದ ಎಲೆಕ್ಟ್ರಿಕ್ ಕಾರುಗಳನ್ನು ಯೂರೋಪಿನ ತನ್ನದೇ ಡೀಲರ್‌ಗಳಲ್ಲಿ ನಿಲ್ಲಿಸಿದೆ. ಮನೆಯ ಹದಿನಾಲ್ವರಿಗೆ ಉಣ್ಣಿಸಲಾಗದಾಗ ಹದಿನೈದನೆಯವರಿಗೂ ಎಲೆ ಹಾಕಿದ್ದಾರೆ.

ನಮಗೂ ಇದರ ಬಿಸಿ ತಟ್ಟುವುದಿದೆ. ಸಿಟ್ರೊಯೆನ್ ಕಾರುಗಳು ತಮಿಳುನಾಡಿನ ತಿರುವಳ್ಳೂರಿನಲ್ಲಿ, ಅವುಗಳ ಎಂಜಿನ್ ಬೆಂಗಳೂರಿನ ಮಗ್ಗುಲಲ್ಲೇ ಇರುವ ಹೊಸೂರಿನಲ್ಲಿ ತಯಾರಾಗುತ್ತವೆ. ಫಿಯಟ್ ಇಲ್ಲಿಂದ ಎದ್ದುಹೋದ ಮೇಲೆ ಪುಂಟೊ, ಲಿನಿಯಾ ಇಟ್ಟುಕೊಂಡವರ ಪಾಡು ಕಲಿಸುವುದಿದೆ. ಮಾರುತಿ ಸ್ವಿಫ್ಟ್‌ನಲ್ಲೂ ಇದ್ದ ಅದೇ ಡೀಸೆಲ್ ಎಂಜಿನ್ನಿನ ಭಾಗ ಯಾವ ಊರಿನಲ್ಲಾದರೂ ಸಿಗುತ್ತದೆ, ಬಂಪರ್, ಹೆಡ್‌ಲೈಟ್ ಬೇಕೆಂದರೆ ಗುಜರಿ ಅಲೆಯಬೇಕು. ಹಂಚಿಕೊಂಡದ್ದು ಉಳಿಯುತ್ತದೆ, ಸ್ವಂತದ್ದು ಅನಾಥವಾಗುತ್ತದೆ. ಹಾಗಾಗಿ ಕೊಳ್ಳುವ ಮುನ್ನ ಶೋರೂಮಿನ ರಿಯಾಯಿತಿಗಿಂತ ಮೊದಲು ಹತ್ತಿರದ ಸರ್ವಿಸ್ ಸೆಂಟರ್ ಎಷ್ಟು ದೂರ, ಈ ಮಾದರಿ ಬಂದು ಎಷ್ಟು ವರ್ಷವಾಯಿತು ಎಂದು ಕೇಳಿ. ಪುಣೆ ಸಮೀಪದ ರಂಜನಗಾಂವ್‌ನಲ್ಲಿ ತಯಾರಾಗುವ ಜೀಪ್ ಕಂಪಾಸ್ ಭಾರತಕ್ಕೆ ಬಂದದ್ದು 2017ರಲ್ಲಿ. ಅದರ ಹೊಸ ಪೀಳಿಗೆಯನ್ನು 2025ರಲ್ಲಿ ಯೂರೋಪಿನಲ್ಲಿ ತೋರಿಸಿದಾಗಲೂ ಇಲ್ಲಿನ ಶೋರೂಮುಗಳಲ್ಲಿ ನಿಂತಿದ್ದದ್ದು, ಅಲಂಕಾರ ಬದಲಿಸಿದ ಅದೇ 2017ರ ಗಾಡಿ.