ಮಾರ್ಚ್ ತಿಂಗಳ ಹಿತ್ತಲು ಮತ್ತು ಅಕ್ಕನ ಪ್ರಶ್ನೆ

ಬೆಳಗಿನ ಏಳು ಗಂಟೆ. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಹೆಪ್ಪುಗಟ್ಟಿಯೇ ಇದೆ. ಫೆಬ್ರವರಿಯಲ್ಲಿ ಅರಳಿದ ಬಿಳಿಯ ಸ್ನೋಡ್ರಾಪ್ ಹೂಗಳು ಬಾಡುತ್ತಿವೆ. ನೇರಳೆ, ಹಳದಿ ಬಣ್ಣದ ಕ್ರೋಕಸ್‌ಗಳು ನೆಲಕ್ಕಂಟಿಕೊಂಡು ಬಿಸಿಲಿಗಾಗಿ ಕಾಯುತ್ತಿವೆ. ಕಳೆದ ವರ್ಷ ಇದೇ ಹೊತ್ತಿಗೆ ನಾನು ಆಸ್ಪತ್ರೆಯ ವಾರ್ಡಿಗೆ ಧಾವಿಸುತ್ತಿದ್ದೆ. ಸೆಪ್ಟೆಂಬರ್‌ನಲ್ಲಿ, 58ನೆಯ ವಯಸ್ಸಿನಲ್ಲಿ, ನಿವೃತ್ತನಾದೆ. ಈ ದೇಶದಲ್ಲಿ ನಾನು ನಿಂತು ನೋಡುತ್ತಿರುವ ಮೊದಲ ವಸಂತವಿದು.

ನಿವೃತ್ತಿಯ ಮರುತಿಂಗಳು ಬೇಲಿಯುದ್ದಕ್ಕೂ ಡ್ಯಾಫೋಡಿಲ್ ಗೆಡ್ಡೆಗಳನ್ನು ನೆಟ್ಟಿದ್ದೆ. ನೋಡಲು ಥೇಟ್ ಈರುಳ್ಳಿ. ಅವು ಹೂ ಬಿಡಬೇಕಾದರೆ ಹಲವು ವಾರಗಳ ಚಳಿಯನ್ನು ಮಣ್ಣಿನೊಳಗೇ ಅನುಭವಿಸಬೇಕು. ಈಗ ಅವುಗಳಲ್ಲಿ ಮೊಗ್ಗು ಕಾಣಿಸಿಕೊಂಡಿದೆ.

ರೋಗ ಕಂಡೊಡನೆ ಔಷಧ ಬರೆದು ರೂಢಿಯಾದ ಕೈಗೆ ಕಾಯುವುದು ಸುಲಭವಲ್ಲ. ಈ ತಿಂಗಳ ಮೊದಲ ವಾರ ಮೂರು ದಿನ ಒಳ್ಳೆಯ ಬಿಸಿಲು ಬಿತ್ತು. ಅದನ್ನು ನಂಬಿ, ಅಡುಗೆಮನೆಯ ಕಿಟಕಿಯಲ್ಲಿ ಬೆಳೆಸಿದ್ದ ಟೊಮೆಟೊ ಸಸಿಗಳನ್ನು ಹೊರಗಿಟ್ಟೆ. ನಾಲ್ಕನೆಯ ರಾತ್ರಿಯ ಚಳಿಗೆ ಎಲ್ಲವೂ ಕಪ್ಪಾಗಿ ಮಲಗಿದವು. ಪಕ್ಕದ ಮನೆಯ ವೃದ್ಧರು ಒಂದು ಕಾಲದ ಕಲ್ಲಿದ್ದಲು ಗಣಿ ಕಾರ್ಮಿಕರು. ಬೇಲಿಯಾಚೆಯಿಂದ ನಕ್ಕು, "ಡಾಕ್ಟರೇ, ಮೇ ತಿಂಗಳು ಅರ್ಧ ಕಳೆಯುವವರೆಗೆ ಇಲ್ಲಿನ ರಾತ್ರಿಗಳನ್ನು ನಂಬಬೇಡಿ" ಎಂದರು. ಈಗ ನನ್ನ ಕಿಟಕಿಯಲ್ಲಿ ಉಳಿದಿರುವುದು ಮೊಟ್ಟೆಯ ಟ್ರೇಯಲ್ಲಿ ಮೊಳಕೆಯೊಡೆಯುತ್ತಿರುವ ಬಿತ್ತನೆ ಆಲೂಗಡ್ಡೆ, ಮತ್ತು ಚಳಿಗಾಲವಿಡೀ ಎಲೆ ಉದುರಿಸಿ ಈಗಷ್ಟೇ ಚಿಗುರಿರುವ ಒಂದು ಕುಂಡ ಕರಿಬೇವು.

ಮಾರ್ಚ್ ತಿಂಗಳ ಕೊನೆಯ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಭಾರತಕ್ಕೂ ನಮಗೂ ಇರುವ ಐದೂವರೆ ಗಂಟೆಗಳ ಅಂತರ ಅಂದಿನಿಂದ ನಾಲ್ಕೂವರೆಗೆ ಇಳಿಯುತ್ತದೆ. ಸಾಗರದ ಬಳಿಯ ನಮ್ಮ ಹಳೆಯ ಮನೆಯಲ್ಲಿ ಒಬ್ಬಳೇ ಇರುವ ಅಕ್ಕ ಇದನ್ನು "ನೀನು ಒಂದು ಗಂಟೆ ಹತ್ತಿರ ಬಂದೆ" ಎನ್ನುತ್ತಾಳೆ. ಈ ವರ್ಷ ಅದರೊಡನೆ ಇನ್ನೊಂದು ಮಾತೂ ಸೇರಿದೆ: "ಕೆಲಸ ಬಿಟ್ಟಾಯ್ತಲ್ಲೋ, ಇನ್ನಾದರೂ ಊರಿಗೆ ಬರಬಾರದೇನೋ?"

ಎಂ.ಡಿ. ಮುಗಿಸಿ 1996ರಲ್ಲಿ ಹೊರಟಾಗ, ನಾಲ್ಕೇ ವರ್ಷದಲ್ಲಿ ಮರಳುವೆನೆಂದು ಅಪ್ಪನಿಗೆ ಮಾತು ಕೊಟ್ಟಿದ್ದೆ. ತರಬೇತಿ ಮುಗಿಯುವಷ್ಟರಲ್ಲಿ ಮಕ್ಕಳ ಶಾಲೆ, ಬಳಿಕ ಮನೆಯ ಸಾಲ, ಬಳಿಕ ಮಕ್ಕಳ ಕಾಲೇಜು. ಒಂದೊಂದೂ ನ್ಯಾಯವಾದ ಕಾರಣವೇ. ನನ್ನ ಪರಿಣತಿ ವೃದ್ಧರ ಚಿಕಿತ್ಸೆಯಲ್ಲಿ. ಅನ್ಯರ ತಂದೆತಾಯಿಯರ ಹಾಸಿಗೆಯ ಪಕ್ಕದಲ್ಲಿ ವರ್ಷಗಟ್ಟಲೆ ನಿಂತ ನಾನು ನನ್ನ ತಂದೆಯ ಕೊನೆಯ ರಾತ್ರಿ ಅವರ ಪಕ್ಕದಲ್ಲಿರಲಿಲ್ಲ. ಮರುದಿನ ಸಂಜೆ ತಲುಪಿದಾಗ ಅಂಗಳದಲ್ಲಿ ಬೂದಿ ಮೆತ್ತಿದ ಕಾಲುಗಳ ಗುರುತಷ್ಟೇ ಇತ್ತು. ಆ ಹೊತ್ತು ಅಲ್ಲಿದ್ದವಳು ಅಕ್ಕ.

ವಿದೇಶಕ್ಕೆ ಹೊರಡಲು ಸಿದ್ಧರಾಗುತ್ತಿರುವ ಕಿರಿಯ ವೈದ್ಯರು ಆಗಾಗ ನನ್ನ ಸಲಹೆ ಕೇಳುತ್ತಾರೆ. ಬರಬೇಡಿ ಎಂದು ನಾನೆಂದೂ ಹೇಳಿಲ್ಲ. ಈ ದೇಶ ನನಗೆ ವಿದ್ಯೆಯನ್ನೂ ಗೌರವವನ್ನೂ ಕೊಟ್ಟಿದೆ. ಆದರೆ ಹಿಂದಿರುಗುವ ವರ್ಷವನ್ನು ಹೆತ್ತವರಿಗೆ ಹೇಳಿ ಬರಬೇಡಿ. ನೀವು ಮರೆಯುವಿರಿ, ಅವರು ಎಣಿಸುತ್ತಲೇ ಇರುತ್ತಾರೆ.

ಮಕ್ಕಳು ಇಲ್ಲಿಯೇ ನೆಲೆಸಿದ್ದಾರೆ. ಪೂರ್ತಿಯಾಗಿ ಹೊರಟುಬಿಡುವುದು ಆಗದು. ನವೆಂಬರ್‌ನಿಂದ ಫೆಬ್ರವರಿಯವರೆಗೆ ಪ್ರತಿವರ್ಷ ಅಕ್ಕನ ಜೊತೆಗಿರುವುದೆಂದು ನಾನೂ ಪತ್ನಿಯೂ ಮಾತಾಡಿಕೊಂಡಿದ್ದೇವೆ. ನಿನ್ನೆ ಅಕ್ಕನಿಗೆ ವಿಡಿಯೊ ಕರೆಯಲ್ಲಿ ಮೊಗ್ಗುಗಳನ್ನು ತೋರಿಸುತ್ತ ಈ ವಿಷಯ ಹೇಳಿದೆ. ಅವಳು ಬಹಳ ಹೊತ್ತು ನೋಡಿದಳು.

"ಚಳಿಗಾಲದಲ್ಲಿ ಅವುಗಳಿಗೆ ಏನು ಆರೈಕೆ ಮಾಡ್ತೀಯೋ?"

"ಏನೂ ಇಲ್ಲ ಅಕ್ಕ. ಮಣ್ಣಿನೊಳಗೆ ಸುಮ್ಮನೆ ಇರ್ತವೆ."

"ನೀನು ಇಲ್ಲದಿದ್ದರೂ ಅರಳ್ತವಾ?"

"ಅರಳ್ತವೆ."

"ಹಾಗಾದರೆ ಬಾ" ಎಂದಳು.