ಅಜುಲೇಜು ಮತ್ತು ನನ್ನ ನೀಲಿ ಸುಳ್ಳು

ಹೋದ ಬೇಸಿಗೆ ರಜೆಗೆ ಲಂಡನ್ನಿನಿಂದ ಲಿಸ್ಬನ್‌ಗೆ ಹೋಗಿದ್ವಿ. ನಾವು ಬಚ್ಚಲುಮನೆಗೆ ಹಾಕಿಸೋ ಟೈಲ್ಸನ್ನ ಆ ಜನ ಮನೆಯ ಮುಂಗೋಡೆಗೆ, ಚರ್ಚಿಗೆ, ರೈಲು ನಿಲ್ದಾಣಕ್ಕೆಲ್ಲ ಹಚ್ಚಿಬಿಟ್ಟಿದ್ದಾರೆ! ಅದಕ್ಕೆ ಅವರ ಹೆಸರು 'ಅಜುಲೇಜು'.

ಪೋರ್ಚುಗೀಸಿನಲ್ಲಿ 'ಅಜುಲ್' ಅಂದ್ರೆ ನೀಲಿ. ಎದುರಿನ ಗೋಡೆಯೂ ನೀಲಿ. ಇನ್ನೇನು ಬೇಕು? "ನೀಲಿಯಾಗಿರೋದಕ್ಕೇ ಆ ಹೆಸರು ಪುಟ್ಟಿ" ಅಂತ ಮಗಳಿಗೆ ಪಾಠ ಮಾಡಿದೆ. ಅವಳು ಅದನ್ನ ಶಾಲೆಯ ಪ್ರಾಜೆಕ್ಟಿನಲ್ಲಿ ದಪ್ಪಕ್ಷರದಲ್ಲಿ ಬರೆದು ಟೀಚರ್ ಕೈಲಿ ಶಭಾಷ್ ಅನ್ನಿಸಿಕೊಂಡಳು.

ಆಫೀಸಿನ ಮೊರಾಕೋ ಗೆಳೆಯನಿಗೆ ಫೋಟೋ ತೋರಿಸಿದಾಗ ಅವನು ನಕ್ಕ. "ಇದು ನಮ್ಮ ಜೆಲ್ಲೀಜ್ ಕಣಯ್ಯಾ, ನೀಲಿ ಎಲ್ಲಿಂದ ಬಂತು?" ಮನೆಗೆ ಬಂದು ನಿಘಂಟುಗಳನ್ನ ತಡಕಿದೆ. ಅವನು ಹೇಳಿದ್ದೇ ಸರಿ. ಅರಬ್ಬಿಯ 'ಜುಲೈಜ್' ಶಬ್ದಕ್ಕೆ ನುಣುಪುಗೊಳಿಸಿದ ಕಲ್ಲು ಅಂತ ಅರ್ಥ ಹೇಳ್ತಾರೆ. ಅದರ ಹಿಂದೆ 'ಅಲ್' ಸೇರಿದರೆ, ಜ ಎದುರಿಗೆ ಲ ಕರಗಿ, 'ಅಜ್-ಜುಲೈಜ್'. ಸ್ಪೇನ್, ಪೋರ್ಚುಗಲ್‌ನವರು ಆ 'ಅಲ್' ಸಮೇತ ಎತ್ತಿಕೊಂಡರು. ನಮ್ಮ ಸಕ್ಕರೆಯ ಬಳಗದ ಅರಬ್ಬಿ 'ಸುಕ್ಕರ್' ಕೂಡ ಹೀಗೇ ಅವರಲ್ಲಿ 'ಅಸೂಕರ್' ಆಗಿದೆ.

ತಮಾಷೆ ಅಂದ್ರೆ 'ಅಜುಲ್' ಕತೆ ಇದರ ಉಲ್ಟಾ. ಅದು ಪಾರಸಿಯ 'ಲಾಜವರ್ದ್', ಅಂದರೆ ಆ ನೀಲಿ ಕಲ್ಲಿನ ಹೆಸರಿನಿಂದ ಬಂದದ್ದು. ಮೊದಲಿನ 'ಲ' ಬಿದ್ದುಹೋಗಿದೆ. ಅದನ್ನೂ 'ದಿ' ಥರದ ಒಂದು ತುಣುಕು ಅಂದುಕೊಂಡು ಬಿಟ್ಟಿರಬೇಕು ಅಂತಾರೆ. ಒಂದು ಶಬ್ದಕ್ಕೆ ಬೇಡದ್ದು ಅಂಟಿಕೊಂಡಿತು, ಇನ್ನೊಂದರ ಸ್ವಂತದ್ದೇ ಕಳೆದುಹೋಯ್ತು. ಕೊನೆಗೆ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣ್ತವೆ, ನನ್ನಂಥವರು ಮೋಸ ಹೋಗ್ತೀವಿ.

ಕಾಲ ನೋಡಿದ್ರೂ ನನ್ನ ಪಾಠ ನಿಲ್ಲಲ್ಲ. 1500ರ ಆಸುಪಾಸಿನಲ್ಲಿ ರಾಜ ಒಂದನೇ ಮ್ಯಾನುಯೆಲ್, ಸಿಂಟ್ರಾ ಅರಮನೆಗೆ ಸೆವಿಲ್ಲಿನಿಂದ ತರಿಸಿದ ಬಿಲ್ಲೆಗಳಲ್ಲಿ ಹಸಿರು, ಕಂದು, ಬಿಳಿ ಎಲ್ಲ ಇವೆ. ನೀಲಿ-ಬಿಳಿಯ ಹುಚ್ಚು ಹತ್ತಿದ್ದು ಹದಿನೇಳನೇ ಶತಮಾನದ ಕೊನೆಗೆ, ಚೀನಾದ ಪಿಂಗಾಣಿ ಮತ್ತು ಡಚ್ಚರ ಡೆಲ್ಫ್ಟ್ ಬಿಲ್ಲೆಗಳನ್ನ ನೋಡಿ. ಹೆಸರು ಅದಕ್ಕೂ ಹಳೇದು.

ಇಷ್ಟನ್ನೂ ರಾತ್ರಿ ಊಟದ ಹೊತ್ತಲ್ಲಿ ಮಗಳಿಗೆ ಹೇಳಿದೆ. ಚಪಾತಿ ಮುರೀತಾ ಕೇಳಿಸಿಕೊಂಡಳು.

"ಅಪ್ಪಾ, ಹಾಗಾದ್ರೆ ಟೀಚರ್‌ಗೆ ಯಾರು ಹೇಳ್ತಾರೆ?"

ಚೀಟಿ ಬರೆದು ಅವಳ ಬ್ಯಾಗಿಗೆ ಹಾಕಿದ್ದೀನಿ. ಕೆಳಗೆ ಸಹಿ ನನ್ನದೇ.