ಡಮಾಮಿಯ ನಾದದಲ್ಲಿ ಸಿದ್ದಿಗಳ ಚರಿತ್ರೆ

ಬರಹವಿಲ್ಲದ ಜನಕ್ಕೆ ಚರಿತ್ರೆಯೂ ಇಲ್ಲವೆಂದು ಭಾವಿಸುವವರು ಇಂದಿಗೂ ಇದ್ದಾರೆ. ನೀಲಗಿರಿಯಲ್ಲಿ ಬಾಳುವ ನಮಗಂತೂ ಈ ಮಾತು ಒಪ್ಪತಕ್ಕದ್ದಲ್ಲ. ಇಲ್ಲಿಯ ಕೋತರ ನುಡಿಗೆ ಸ್ವಂತ ಲಿಪಿಯಿಲ್ಲ; ಆದರೂ ಅವರ ಹಿರಿಯರ ಬಾಯಲ್ಲಿ ಕಥೆಗಳಿಗೆ ಕೊರತೆಯಿಲ್ಲ. ‘ಕೊಳ್’ ಎಂಬ ಅವರ ಓಲಗದಲ್ಲಿ ದೇವರಿಗೆ ಬೇರೆ, ಕುಣಿತಕ್ಕೆ ಬೇರೆ, ಸಾವಿಗೆ ಬೇರೆ ಧಾಟಿಗಳುಂಟು. 1930ರ ದಶಕದಲ್ಲಿ ಈ ಬೆಟ್ಟಗಳಿಗೆ ಬಂದ ಭಾಷಾವಿಜ್ಞಾನಿ ಎಮೆನೋ ಅವರು ಕೋತರ ಕಥೆಗಳನ್ನು ಕೋತರ ನುಡಿಯಲ್ಲೇ ಬರೆದುಕೊಂಡು 1944–46ರಲ್ಲಿ ಪ್ರಕಟಿಸಿದರು. ಕೇಳುವವನು ದೊರೆತರೆ ಹೇಳುವವರ ಚರಿತ್ರೆ ಉಳಿಯುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇದೇ ಪಶ್ಚಿಮಘಟ್ಟದ ಸಾಲನ್ನು ಹಿಡಿದು ಉತ್ತರಕ್ಕೆ ಸಾಗಿದರೆ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರವೆಂಬ ಚಿಕ್ಕ ಪಟ್ಟಣ ದೊರೆಯುತ್ತದೆ. ಅದರ ಸುತ್ತಲಿನ ಕಾಡಂಚಿನ ಹಳ್ಳಿಗಳಲ್ಲಿಯೂ ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳಲ್ಲಿಯೂ ಸಿದ್ದಿ ಜನಾಂಗದವರು ನೆಲಸಿದ್ದಾರೆ. ಇವರ ಮೈಬಣ್ಣ ಕಪ್ಪು, ಕೂದಲು ಗುಂಗುರು, ಪೂರ್ವಜರ ನಾಡು ಆಫ್ರಿಕ. ಮನೆಮಾತು ಮರಾಠಿ, ಕನ್ನಡ ಬೆರೆತ ಕೊಂಕಣಿ. ಪೇಟೆಯಲ್ಲಿಯೂ ಶಾಲೆಯಲ್ಲಿಯೂ ಆಡುವುದು ನಮ್ಮದೇ ಕನ್ನಡ.

ಇವರು ಇಲ್ಲಿಗೆ ಬಂದ ಬಗೆ ದುಃಖಕರವಾದದ್ದು. 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಪೋರ್ಚುಗೀಸರು ಮುಂದೆ ಮೊಜಾಂಬಿಕ್ ಮೊದಲಾದ ಕಡೆಗಳಿಂದ ಆಫ್ರಿಕದ ಜನರನ್ನು ಹಡಗುಗಳಲ್ಲಿ ತಂದು ಗುಲಾಮರನ್ನಾಗಿ ಮಾರಿದರು. ಒಡೆಯರ ಕೈಯಿಂದ ತಪ್ಪಿಸಿಕೊಂಡವರೂ ಬಿಡುಗಡೆ ಹೊಂದಿದವರೂ ಘಟ್ಟವನ್ನೇರಿ ಕಾಡು ಸೇರಿದರು. ಬ್ರಿಟಿಷ್ ಆಡಳಿತವು 1843ರ ಕಾಯಿದೆಯಿಂದ ಗುಲಾಮಗಿರಿಗೆ ಕಾನೂನಿನ ಮನ್ನಣೆಯನ್ನು ತೆಗೆದುಹಾಕಿತಾದರೂ, ಅನೇಕ ಸಿದ್ದಿ ಕುಟುಂಬಗಳಿಗೆ ತೋಟ–ಗದ್ದೆಗಳಲ್ಲಿ ಆಳಾಗಿ ದುಡಿಯುವ ಬದುಕು ತಪ್ಪಲಿಲ್ಲ.

ಆಫ್ರಿಕದಿಂದ ಬಂದವರಲ್ಲಿ ಕೆಲವರ ಹೆಸರು ಪಠ್ಯಪುಸ್ತಕಗಳಲ್ಲಿದೆ. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಲ್ಪಟ್ಟು, ಅಹಮದನಗರ ರಾಜ್ಯದ ಸೂತ್ರಧಾರನಾಗಿ 1626ರಲ್ಲಿ ತೀರಿಕೊಂಡ ಮಲಿಕ್ ಅಂಬರನನ್ನು ನಮ್ಮ ಮಕ್ಕಳು ಬಲ್ಲರು. ಆದರೆ ಕಾಡಿಗೆ ಓಡಿಹೋದವನ ಕಥೆಯನ್ನು ಯಾವ ಆಸ್ಥಾನದ ಲೇಖಕನೂ ಬರೆಯಲಿಲ್ಲ. ಅವನು ಕಾಗದಪತ್ರಗಳಲ್ಲಿ ಕಾಣಿಸಿಕೊಂಡದ್ದು ಕೊಂಡುಮಾರುವ ಸರಕಾಗಿ. ಮನುಷ್ಯನಾಗಿ ಅವನು ಉಳಿದಿರುವುದು ಮೊಮ್ಮಕ್ಕಳ ನೆನಪಿನಲ್ಲಿ, ಹಾಡಿನಲ್ಲಿ, ವಾದ್ಯದಲ್ಲಿ.

ಆ ವಾದ್ಯವೇ ಡಮಾಮಿ. ಮರದ ಕಾಂಡವನ್ನು ಕೊರೆದು ಎರಡೂ ಬದಿಗೆ ಚರ್ಮವನ್ನು ಬಿಗಿದು ಇದನ್ನು ಸಿದ್ಧಪಡಿಸುತ್ತಾರೆ. ಇದರ ಗತಿಗೆ ಗಂಡಸರೂ ಹೆಂಗಸರೂ ಹಾಡಿ ಕುಣಿಯುತ್ತಾರೆ. ಸಿದ್ದಿಗಳಲ್ಲಿ ಹಿಂದೂಗಳು, ಕ್ರೈಸ್ತರು, ಮುಸಲ್ಮಾನರು ಎಂಬ ಮೂರು ಮತಗಳವರಿದ್ದರೂ ಡಮಾಮಿಯ ಮುಂದೆ ಆ ಭೇದ ಕರಗುತ್ತದೆ. ತೆಂಗಿನಕಾಯಿಯನ್ನಿಟ್ಟು ಪೂರ್ವಜರನ್ನು ಪೂಜಿಸುವ ‘ಹಿರಿಯರು’ ಎಂಬ ಆಚರಣೆಗೆ ಅನ್ಯಮತದ ಸಿದ್ದಿ ಬಂಧುಗಳೂ ಬಂದು ಸೇರುವುದುಂಟು.

ಪೂರ್ವಜರ ಭಾಷೆ ಹೋಯಿತು; ಲಯ ಮಾತ್ರ ಉಳಿಯಿತು. ಗುಜರಾತಿನ ಸಿದ್ದಿಗಳು ತಮ್ಮ ಕುಣಿತವನ್ನು ‘ಗೋಮ’ ಎಂದು ಕರೆಯುತ್ತಾರೆ. ಅದು ಪೂರ್ವ ಆಫ್ರಿಕದ ‘ನ್ಗೋಮ’ ಎಂಬ ಶಬ್ದದ ರೂಪ. ಅಲ್ಲಿ ಅದಕ್ಕೆ ಮದ್ದಳೆಯೆಂದೂ ಕುಣಿತವೆಂದೂ ಅರ್ಥ. ನುಡಿ ಮರೆತರೂ ಕಾಲು ಮರೆಯಲಿಲ್ಲವೆನ್ನಬೇಕು.

ಈ ಜನ ತಮ್ಮ ಮೂಲದ ಕಥೆಯನ್ನು ತಾವೇ ರಂಗದ ಮೇಲೆ ತಂದ ಪ್ರಸಂಗವೂ ಉಲ್ಲೇಖನೀಯ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಸಂಸ್ಥೆಯವರ ನೆರವಿನಿಂದ ಯಲ್ಲಾಪುರ ತಾಲೂಕಿನ ಮಂಚಿಕೇರಿ ಪರಿಸರದ ಸಿದ್ದಿಗಳು ನಾಟಕ ಕಲಿತರು. ಅವರು ಆಡಿದುದು ನೈಜೀರಿಯದ ಚಿನುವಾ ಅಚಿಬೆಯವರ ಕಾದಂಬರಿಯ ಕನ್ನಡ ರಂಗರೂಪವನ್ನು. ಆಫ್ರಿಕದ ಹಳ್ಳಿಯೊಂದು ಪರಕೀಯರ ಆಗಮನದಿಂದ ಒಡೆದುಹೋದ ಕಥೆಯನ್ನು, ಆಫ್ರಿಕವನ್ನೇ ಕಾಣದ ಅದರ ಮಕ್ಕಳು ಕನ್ನಡದಲ್ಲಿ ಆಡಿ ತೋರಿಸಿದರು.

ಇಷ್ಟಾದರೂ ಪರವೂರಿಗೆ ಹೋದ ಸಿದ್ದಿ ಯುವಕನಿಗೆ ‘ನೀನು ಯಾವ ದೇಶದವನು?’ ಎಂಬ ಪ್ರಶ್ನೆ ತಪ್ಪಿಲ್ಲ. ಹಲವು ತಲೆಮಾರುಗಳಿಂದ ಈ ಮಣ್ಣಿನಲ್ಲಿ ದುಡಿದವನಿಗೆ ಈ ಪ್ರಶ್ನೆ ಎಷ್ಟು ನೋವನ್ನುಂಟುಮಾಡುತ್ತದೆಂಬುದನ್ನು, ಗಡಿಯ ಈಚೆ ಕನ್ನಡವನ್ನಾಡುತ್ತ ಬಂದ ನಾವು ತಕ್ಕಮಟ್ಟಿಗಾದರೂ ಊಹಿಸಬಲ್ಲೆವು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದುದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳಿಗೆ ಆ ಸೌಲಭ್ಯ ದೊರೆತುದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿಯವರು ಕರ್ನಾಟಕ ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಆ ಸ್ಥಾನವನ್ನೇರಿದ ಮೊದಲ ಸಿದ್ದಿ ಎನಿಸಿದರು. 2011ರಲ್ಲಿ ಹೈದರಾಬಾದಿನ ವಿಜ್ಞಾನಿಗಳು ರಕ್ತಪರೀಕ್ಷೆಯ ಮೂಲಕ ಸಿದ್ದಿಗಳ ವಂಶಾಂಶದಲ್ಲಿ ನೂರಕ್ಕೆ 60ರಿಂದ 75ರಷ್ಟು ಆಫ್ರಿಕದ ಬಾಂಟು ಜನರದೆಂದು ಕಂಡುಕೊಂಡರು. ರಕ್ತವು ಮೂಲವನ್ನು ಹೇಳಬಲ್ಲದು. ಯಾರು ಅತ್ತರು, ಯಾರು ಅಡಗಿಸಿಕೊಂಡರು, ಯಾವ ಹಾಡು ಹಾಡಿ ಮಗುವನ್ನು ಮಲಗಿಸಿದರು ಎಂಬುದನ್ನು ಹೇಳಲಾರದು. ಅದನ್ನು ಹೇಳಬಲ್ಲವರು ಹಿರಿಯರು ಮಾತ್ರ.

ಇಂದು ಡಮಾಮಿ ಉತ್ಸವಗಳ ವೇದಿಕೆಯನ್ನೇರಿದೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ರಾತ್ರಿಯಿಡೀ ಕುಣಿಯುವ ಕಲೆಯನ್ನು ಹತ್ತು ನಿಮಿಷಕ್ಕೆ ಇಳಿಸಿ ಚಪ್ಪಾಳೆ ತಟ್ಟಿ ಕಳುಹಿಸಿದರೆ ಸಾಲದು. ಆ ಹಾಡಿನ ಅರ್ಥವೇನು, ಅದನ್ನು ಕಲಿಸಿದವರಾರು ಎಂದು ಕೇಳುವವರೂ ಬೇಕು.

ಹೀಗೆ ಕೇಳುವ ವಿದ್ಯೆ ಕಷ್ಟದ್ದೇನಲ್ಲ. ಹೇಳುವವರ ಅನುಮತಿಯನ್ನು ಪಡೆಯಬೇಕು. ಅವರ ಮಾತನ್ನು ತಿದ್ದದೆ, ಅವರ ನುಡಿಯಲ್ಲಿಯೇ ಬರೆಯಬೇಕು. ದಿನ, ಊರು, ಸಂದರ್ಭಗಳನ್ನು ಗುರುತಿಸಬೇಕು. ಬರೆದುದರ ಒಂದು ಪ್ರತಿಯನ್ನು ಅವರ ಮನೆಗೇ ಕೊಡಬೇಕು. ನಮ್ಮ ಮಕ್ಕಳು ಮೊದಲು ತಮ್ಮ ಮನೆಯ ಅಜ್ಜಿಯಿಂದ, ಅನಂತರ ನೆರೆಯ ಕೋತ, ಕುರುಂಬ, ಇರುಳ ಹಿರಿಯರಿಂದ ಇದನ್ನು ಅಭ್ಯಾಸ ಮಾಡಲಿ. ಹಿರಿಯರೊಬ್ಬರು ತೀರಿಕೊಂಡ ಮೇಲೆ ಕೇಳಬೇಕಾಗಿತ್ತೆಂದು ಹಲುಬಿ ಫಲವಿಲ್ಲ. ಅವರು ಜಗುಲಿಯಲ್ಲಿ ಕುಳಿತಿರುವಾಗಲೇ ಹೋಗಿ ಪಕ್ಕದಲ್ಲಿ ಕೂರುವುದು ಲೇಸು.